ಅಳಿಸಿಹೋದ ಕಡತಗಳನ್ನು ಟರ್ಮಿನಲ್‌ನಿಂದ ಮರಳಿ ಪಡೆದವರ ಅನುಭವ

ಕೋರಿಕೆ, ದಾವಣಗೆರೆಯಿಂದ: ಚಿತ್ರದುರ್ಗದ ಕೋಟೆಯಲ್ಲಿ ತೆಗೆದ ಚಿತ್ರಗಳ ಫೋಲ್ಡರನ್ನು ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಟರ್ಮಿನಲ್‌ನಲ್ಲಿ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ) ಆರ್‌ಎಂ ಎಂಬ ಅಳಿಸುವ ಆಜ್ಞೆ ಕೊಟ್ಟು ಅಳಿಸಿಬಿಟ್ಟಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಇದೆ. ಇಂಥದ್ದನ್ನು ಮರಳಿ ಪಡೆದ ಅನುಭವವಿದ್ದವರು ದಯವಿಟ್ಟು ತಿಳಿಸಿ.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಸ್ಟುಡಿಯೋ ನಡೆಸುವವರು: ಮೊದಲು ಕಾರ್ಡನ್ನು ಹೊರತೆಗೆದಿಡಿ, ಅದರಲ್ಲಿ ಇನ್ನೊಂದು ಚಿತ್ರವನ್ನೂ ತೆಗೆಯಬೇಡಿ. ಫ್ಯಾಟ್ (ಕಡತಗಳನ್ನು ಜೋಡಿಸಿಡುವ ಒಂದು ಪದ್ಧತಿ) ಮಾದರಿಯ ಕಾರ್ಡಿನಲ್ಲಿ ಕಡತವನ್ನು ಅಳಿಸಿದಾಗ ಅದರ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಬಿದ್ದು, ಅದು ಹಿಡಿದಿದ್ದ ಜಾಗ ಖಾಲಿಯೆಂದು ದಾಖಲಾಗುತ್ತದೆಯೇ ಹೊರತು ಚಿತ್ರ ಅಲ್ಲೇ ಇರುತ್ತದೆ. ಅದರ ಮೇಲೆ ಹೊಸ ಚಿತ್ರ ಬರೆದುಹೋದರೆ ಯಾವ ತಂತ್ರಾಂಶವೂ ಏನೂ ಮಾಡಲಾರದು. ನಮ್ಮಲ್ಲಿಗೆ ಮದುವೆಯ ಕಾರ್ಡುಗಳು ಹೀಗೆ ಬಂದಾಗ, ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಆಜ್ಞೆಯಲ್ಲಿ ಗಾತ್ರ ನೋಡಿ ಕಾರ್ಡು ಯಾವುದೆಂದು ಖಚಿತಪಡಿಸಿಕೊಂಡು, ಡಿಡಿರೆಸ್ಕ್ಯೂ ಎಂಬ ನಕಲು ತಂತ್ರಾಂಶದ ಮೂಲಕ ಅದರ ಪೂರ್ಣ ಪ್ರತಿಯನ್ನು ಬೇರೆ ಹಾರ್ಡ್‌ಡಿಸ್ಕಿಗೆ ಇಳಿಸಿಕೊಂಡು, ಮುಂದಿನ ಕೆಲಸವನ್ನೆಲ್ಲ ಆ ಪ್ರತಿಯ ಮೇಲೆಯೇ ಮಾಡುತ್ತೇವೆ. ಮೂಲ ಮತ್ತು ಗುರಿ ಅದಲುಬದಲಾದರೆ ಉಳಿದದ್ದೂ ಹೋದೀತು. ಎಂಟರ್ ಒತ್ತುವ ಮುನ್ನ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಿ. ಅನಂತರ ಅಳಿಸಿದ ಕಡತಗಳನ್ನು ಹುಡುಕುವ ಟೆಸ್ಟ್‌ಡಿಸ್ಕ್ ತಂತ್ರಾಂಶದಲ್ಲಿ ಆ ಪ್ರತಿಯನ್ನು ತೆರೆದು, ಅಡ್ವಾನ್ಸ್ಡ್ ವಿಭಾಗದಲ್ಲಿ ಅನ್‌ಡಿಲೀಟ್ ಆರಿಸಿದರೆ ಅಳಿಸಿದ ಕಡತಗಳು ಕೆಂಪು ಅಕ್ಷರಗಳಲ್ಲಿ ಕಾಣುತ್ತವೆ. ಬೇಕಾದವನ್ನು ಗುರುತು ಮಾಡಿ ನಕಲಿಸಿಕೊಳ್ಳಬಹುದು.

ದಾವಣಗೆರೆಯ ಡಿಟಿಪಿ ಕೇಂದ್ರದವರು: ಮೇಲಿನವರು ಹೇಳಿದ ಕ್ರಮ ಸರಿಯಿದೆ. ಟೆಸ್ಟ್‌ಡಿಸ್ಕ್‌ನಲ್ಲಿ ಏನೂ ಕಾಣದಿದ್ದರೆ, ಅದರ ಜೊತೆಗೇ ಬರುವ ಫೋಟೋರೆಕ್ ಬಳಸಿ. ಇದು ಕಡತಗಳ ಪಟ್ಟಿಯನ್ನು ನಂಬದೆ, ಪ್ರತಿ ಬಗೆಯ ಕಡತದ ಆರಂಭದಲ್ಲಿರುವ ಗುರುತನ್ನು ಹುಡುಕುತ್ತದೆ. ಹೀಗಾಗಿ ಹೆಸರುಗಳೂ ಫೋಲ್ಡರುಗಳೂ ಸಿಗುವುದಿಲ್ಲ; ಎಲ್ಲವೂ ರೆಕಪ್‌ಡಿರ್ ಎಂಬ ಫೋಲ್ಡರುಗಳಲ್ಲಿ ಅಂಕಿಗಳ ಹೆಸರಿನಲ್ಲಿ ರಾಶಿ ಬೀಳುತ್ತವೆ. ಆ ರಾಶಿಯನ್ನು ಚಿತ್ರದೊಳಗಿನ ವಿವರಗಳನ್ನು ಓದುವ ಎಕ್ಸಿಫ್‌ಟೂಲ್ ಮೂಲಕ ಚಿತ್ರ ತೆಗೆದ ದಿನಾಂಕದ ಪ್ರಕಾರ ವಿಂಗಡಿಸುವುದು ಒಳ್ಳೆಯದು. ಹುಡುಕುವ ಬಗೆಗಳಲ್ಲಿ ಜೆಪೆಗ್ ಒಂದನ್ನೇ ಉಳಿಸಿಕೊಂಡು ಮಿಕ್ಕವನ್ನು ತೆಗೆಯುವವರಿಗೆ ಒಂದು ಮಾತು: ನಿಕಾನ್, ಕ್ಯಾನನ್ ಕ್ಯಾಮೆರಾಗಳ ಎನ್‌ಇಎಫ್, ಸಿಆರ್‌2 ಎಂಬ ಕಚ್ಚಾ (ರಾ) ಚಿತ್ರ ಕಡತಗಳು ಅಲ್ಲಿ ಟಿಫ್ ಎಂಬ ಹೆಸರಿನಡಿ ಬರುತ್ತವೆ. ವಿಡಿಯೋಗಳ ಬಗ್ಗೆ ಹೆಚ್ಚು ಆಸೆ ಬೇಡ, ಕಾರ್ಡಿನಲ್ಲಿ ಚೂರುಚೂರಾಗಿ ಕುಳಿತಿದ್ದರೆ ಅರ್ಧಕ್ಕೇ ನಿಂತುಹೋಗುತ್ತವೆ.

ಚಿತ್ರದುರ್ಗದಿಂದ ಒಬ್ಬರು: ಇದೇ ಭರವಸೆಯನ್ನು ಲ್ಯಾಪ್‌ಟಾಪಿನ ಎಸ್‌ಎಸ್‌ಡಿಯ (ಚಿಪ್ಪುಗಳಲ್ಲಿ ಮಾಹಿತಿ ಉಳಿಸುವ ಡಿಸ್ಕ್) ಮೇಲೆ ಇಡಬೇಡಿ. ಉಬುಂಟುವಿನಲ್ಲಿ ವಾರಕ್ಕೊಮ್ಮೆ ಓಡುವ ಟ್ರಿಮ್, ಖಾಲಿಯಾದ ಜಾಗ ಯಾವುದೆಂದು ಡಿಸ್ಕಿಗೆ ತಿಳಿಸಿಬಿಡುತ್ತದೆ. ಆಮೇಲೆ ಓದಿದರೆ ಸಾಮಾನ್ಯವಾಗಿ ಬರೀ ಸೊನ್ನೆಗಳೇ ಸಿಗುತ್ತವೆ. ಮರಳಿ ಪಡೆದ ಚಿತ್ರಗಳನ್ನು ಆ ಎಸ್‌ಎಸ್‌ಡಿಗೆ ಇಳಿಸಿಕೊಳ್ಳಲು ಮಾತ್ರ ಅಡ್ಡಿಯಿಲ್ಲ.