ಇಯರ್‌ಫೋನ್ ಕಿವಿಯಲ್ಲಿಲ್ಲ, ಆದರೂ 40 ಹರ್ಟ್ಸ್ ಬರ್ತಿದೆ. ಯಾಕೆ?

ತಂತಿಮನೆ:
ಎಲ್ಲರಿಗೂ ನಮಸ್ಕಾರ. ಇಇಜಿ (ಮೆದುಳಿನ ವಿದ್ಯುತ್ತನ್ನು ತಲೆಯ ಮೇಲಿಂದ ಅಳೆಯುವ) ಆಂಪ್ಲಿಫೈಯರ್ ಮನೆಯಲ್ಲೇ ಕಟ್ಟಿದ್ದು. ಆರ್ಡುಯಿನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್, ಸೆಕೆಂಡಿಗೆ 250 ಸ್ಯಾಂಪಲ್ (ಅಳತೆ). ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ, ಚಾರ್ಜರ್ ಹಾಕುವುದಿಲ್ಲ. ಕಣ್ಣು ಮುಚ್ಚಿದರೆ ತಲೆಯ ಹಿಂಭಾಗದಲ್ಲಿ 10 ಹರ್ಟ್ಸ್ (ಸೆಕೆಂಡಿಗೆ 10 ಸಲ) ಆಲ್ಫಾ ಅಲೆ ಚೆನ್ನಾಗಿ ಕಾಣುತ್ತದೆ.

1981ರಲ್ಲಿ ವಿಜ್ಞಾನಿ ರಾಬರ್ಟ್ ಗ್ಯಾಲಂಬೋಸ್ ತಂಡ ತೋರಿಸಿದ, ಶಬ್ದಕ್ಕೆ ಮೆದುಳು ಕೊಡುವ 40 ಹರ್ಟ್ಸ್ ಪ್ರತಿಕ್ರಿಯೆಯನ್ನು ನನ್ನ ತಲೆಯಲ್ಲೇ ನೋಡುವ ಆಸೆ. 1000 ಹರ್ಟ್ಸ್ ನಾದದ ಜೋರನ್ನು ಸೆಕೆಂಡಿಗೆ 40 ಸಲ ಏರಿಳಿಸಿ ಕೇಳಿದೆ. ಒಂದು ಎಲೆಕ್ಟ್ರೋಡ್ ನೆತ್ತಿಯಲ್ಲಿ, ಇನ್ನೊಂದು ಕಿವಿಯ ಹಿಂದಿನ ಮೂಳೆ ಮೇಲೆ, ಗ್ರೌಂಡ್ ಹಣೆಯಲ್ಲಿ. ಒಂದೇ ನಿಮಿಷಕ್ಕೆ ಎಫ್‌ಎಫ್‌ಟಿಯಲ್ಲಿ (ಯಾವ ಹರ್ಟ್ಸ್ ಎಷ್ಟಿದೆ ಎಂದು ತೋರಿಸುವ ಲೆಕ್ಕ) ದೊಡ್ಡ ಗೆರೆ, ಸರಿಯಾಗಿ 40ರಲ್ಲಿ! ಅನುಮಾನ ಬಂದು ಇಯರ್‌ಫೋನ್ ತೆಗೆದು ಭುಜದ ಮೇಲಿಟ್ಟೆ, ಕಿವಿಗೆ ಸ್ಪಂಜು ತುರುಕಿದೆ. ಗೆರೆ ಅಲ್ಲಾಡಲಿಲ್ಲ.

ಕಿವಿಮಾತು:
ಆ ಪರೀಕ್ಷೆ ಮಾಡಿದ್ದು ತುಂಬಾ ಒಳ್ಳೆಯದಾಯಿತು ಸರ್. ಅದು ಮೆದುಳಲ್ಲ, ಇಯರ್‌ಫೋನ್ ಕಾಯಿಲ್‌ನ ವಿದ್ಯುತ್ತು ಎಲೆಕ್ಟ್ರೋಡ್ ತಂತಿಗೆ ಹಾರುತ್ತಿದೆ.

1000 ಹರ್ಟ್ಸ್ ನಾದವನ್ನು 40ರಲ್ಲಿ ಏರಿಳಿಸಿದರೆ ವಿದ್ಯುತ್ತಿನಲ್ಲಿ ಇರುವುದು 960, 1000, 1040. 40 ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ಆದರೆ ನಿಮ್ಮ ಬೋರ್ಡ್ 250ರಲ್ಲಿ ಸ್ಯಾಂಪಲ್ ಮಾಡುತ್ತದೆ, 1000 ಅಂದರೆ ಅದರ ಸರಿಯಾಗಿ ನಾಲ್ಕು ಪಟ್ಟು. ಸಿನಿಮಾದಲ್ಲಿ ಗಾಡಿ ಚಕ್ರ ನಿಂತ ಹಾಗೆ ಕಾಣುತ್ತದಲ್ವಾ, ಹಾಗೆ 1000 ಸೊನ್ನೆಯಾಗಿ ಕಾಣುತ್ತದೆ. 960 ಮತ್ತು 1040 ಎರಡೂ ಮಡಚಿ 40ರಲ್ಲೇ ಬಂದು ಕೂರುತ್ತವೆ. ಸುಳ್ಳು ಗೆರೆ ನಿಜವಾದ ಗೆರೆ ಇರಬೇಕಾದ ಜಾಗದಲ್ಲೇ!

ನಾದವನ್ನು 1007ಕ್ಕೆ ಬದಲಿಸಿ, ಏರಿಳಿತ 40ರಲ್ಲೇ ಇರಲಿ. ಸೋರಿಕೆ 7, 33, 47ಕ್ಕೆ ಓಡಿಹೋಗುತ್ತದೆ. ಮೆದುಳು ಹಿಂಬಾಲಿಸುವುದು ಏರಿಳಿತವನ್ನು, ಅದು 40ರಲ್ಲೇ ಉಳಿಯುತ್ತದೆ.

ತಂತಿಮನೆ:
ಮಾಡಿದೆ. 7, 33, 47ರಲ್ಲಿ ಗೆರೆಗಳಿವೆ. 40 ಖಾಲಿ. ಇಷ್ಟು ದಿನ ನೋಡಿದ್ದೆಲ್ಲ ತಂತಿಯದ್ದೇ. ನೆತ್ತಿಯ ಜಾಗ ತಪ್ಪೇ? ಕೇಳುವ ಭಾಗ ಕಿವಿಯ ಮೇಲೆ ಅಲ್ವಾ ಇರೋದು?

ಕಿವಿಮಾತು:
ಜಾಗ ಸರಿ ಇದೆ, ಬದಲಿಸಬೇಡಿ. ಕೇಳುವ ಭಾಗ ಟೆಂಪೊರಲ್ ಹಾಲೆಯ (ಮೆದುಳಿನ ಪಕ್ಕದ ಭಾಗ) ಮೇಲುಗಡೆ, ಒಂದು ಮಡಿಕೆಯ ಒಳಗೆ ಅಡಗಿದೆ. ಅಲ್ಲಿನ ಜೀವಕೋಶಗಳು ಹೆಚ್ಚುಕಡಿಮೆ ಮೇಲ್ಮುಖವಾಗಿ ನಿಂತಿವೆ. ಅದಕ್ಕೇ ಅವುಗಳ ವಿದ್ಯುತ್ತು ನೆತ್ತಿ ಮತ್ತು ಹಣೆಯ ಮೇಲ್ಭಾಗದಲ್ಲಿ ಜಾಸ್ತಿ ಸಿಗುತ್ತದೆ. ಆದರೆ ನಿಜವಾದ ಪ್ರತಿಕ್ರಿಯೆ ಒಂದು ಮೈಕ್ರೋವೋಲ್ಟ್‌ನ ಆಸುಪಾಸು, ಎಷ್ಟೋ ಸಲ ಅದಕ್ಕೂ ಕಡಿಮೆ. ಒಂದು ನಿಮಿಷ ಸಾಲದು. ತುಂಬಾ ಹೊತ್ತು ರೆಕಾರ್ಡ್ ಮಾಡಿ, ಸಮನಾದ ತುಣುಕುಗಳಾಗಿ ಕತ್ತರಿಸಿ, ಅವುಗಳನ್ನು ಸರಾಸರಿ ಮಾಡಿ. ತುಣುಕು ನಾಲ್ಕು ಪಟ್ಟಾದರೆ ಗದ್ದಲ (ಬೇಡದ ಸಿಗ್ನಲ್) ಅರ್ಧಕ್ಕಿಳಿಯುತ್ತದೆ. ತೂಕಡಿಸಬೇಡಿ, ನಿದ್ದೆಯಲ್ಲಿ 40ರ ಪ್ರತಿಕ್ರಿಯೆ ತುಂಬಾ ಕುಗ್ಗುತ್ತದೆ. ಮಲಗಿರುವ ಶಿಶುಗಳ ಶ್ರವಣ ಪರೀಕ್ಷೆಗೆ 80ರ ಆಸುಪಾಸಿನ ಏರಿಳಿತ ಬಳಸುವುದು ಅದಕ್ಕೇ.

ಬೆಸುಗೆ:
ಸರಾಸರಿಗೆ ಮುಂಚೆ ಒಂದು ಮಾತು. ಲ್ಯಾಪ್‌ಟಾಪ್‌ನ ಗಡಿಯಾರ ಬೇರೆ, ಬೋರ್ಡಿನದು ಬೇರೆ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೂ 10 ನಿಮಿಷಕ್ಕೆ 30 ಮಿಲಿಸೆಕೆಂಡ್ ಜಾರುತ್ತದೆ. 40 ಹರ್ಟ್ಸ್‌ನ ಒಂದು ಸುತ್ತೇ 25 ಮಿಲಿಸೆಕೆಂಡ್! ಏರು ಇಳಿವಿನ ಮೇಲೆ ಬಿದ್ದು ಎಲ್ಲ ಅಳಿಸಿಹೋಗುತ್ತದೆ. ನಾದವನ್ನು ಬಲ ಚಾನೆಲ್‌ಗೆ ಮಾತ್ರ ಕೊಡಿ. ಎಡ ಚಾನೆಲ್‌ನಿಂದ 4 ಸೆಕೆಂಡಿಗೊಂದು ಪಲ್ಸ್ ಕಳಿಸಿ, ಆಪ್ಟೋಕಪ್ಲರ್ (ತಂತಿ ಸಂಪರ್ಕವಿಲ್ಲದೆ ಬೆಳಕಿನಿಂದ ಸಿಗ್ನಲ್ ದಾಟಿಸುವ ಬಿಡಿಭಾಗ) ಮೂಲಕ ಬೋರ್ಡಿಗೆ ಹಾಕಿ, ಅಲ್ಲಿಂದ ತುಣುಕು ಕತ್ತರಿಸಿ. ಬ್ಲೂಟೂತ್ ಬೇಡವೇ ಬೇಡ.

ಸೋರಿಕೆಗೆ: ಇಯರ್‌ಫೋನನ್ನು ದೂರ ಇಟ್ಟು, ಪ್ಲಾಸ್ಟಿಕ್ ಕೊಳವೆಯಲ್ಲಿ ಶಬ್ದವನ್ನು ಕಿವಿಗೆ ತನ್ನಿ. ಎಡಿಸಿಗೆ (ವಿದ್ಯುತ್ತನ್ನು ಅಂಕಿಯಾಗಿಸುವ ಭಾಗ) ಮುಂಚೆ ಒಂದು ಲೋಪಾಸ್ ಫಿಲ್ಟರ್ (ಹೆಚ್ಚು ಹರ್ಟ್ಸ್‌ನದನ್ನು ತಡೆಯುವುದು) ಹಾಕಿ, ಅದು ಮೊದಲೇ ಇರಬೇಕಿತ್ತು.

ತಂತಿಮನೆ:
ಮೂರು ಸಂಜೆ ಹಿಡಿಯಿತು. ಅಕ್ವೇರಿಯಂ ಕೊಳವೆ, ಫಿಲ್ಟರ್, ಪಲ್ಸ್ ಎಲ್ಲ ಹಾಕಿದೆ. 1007 ನಾದ, 12 ನಿಮಿಷ, ಕಣ್ಣು ತೆರೆದು ಕೂತೆ. 33, 47 ಹೋಗಿವೆ. 40ರಲ್ಲಿ ಪುಟ್ಟ ಗೆರೆ, ಅಕ್ಕಪಕ್ಕದ ಗದ್ದಲಕ್ಕಿಂತ ಸ್ಪಷ್ಟವಾಗಿ ಮೇಲೆ. ಕೊಳವೆಯನ್ನು ಕ್ಲಿಪ್ ಹಾಕಿ ಮುಚ್ಚಿ ಮತ್ತೆ 12 ನಿಮಿಷ ಕೂತೆ. ಗೆರೆ ಇಲ್ಲ. ಕ್ಲಿಪ್ ತೆಗೆದೆ, ಮತ್ತೆ ಬಂತು. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಾಳೆ ತಂಗಿಯನ್ನು ಕೂರಿಸಿ ನೋಡುತ್ತೇನೆ.