ಈ ವಯಸ್ಸಿಗೇ ಚಪ್ಪೆ ಸಂದು ಸವೆದವರು ಹೇಗೆ ದಿನ ತೆಗೀತಿದ್ದೀರಿ?

ಕೇಳಿದ್ದು, ಕುಮಟಾದಿಂದ

ನನಗೆ 29 ವರ್ಷ. ಹೈಸ್ಕೂಲ್ ಟೀಚರ್, ದಿನಕ್ಕೆ ನಾಲ್ಕೈದು ತಾಸು ನಿಂತೇ ಇರುವ ಕೆಲಸ. ಎರಡು ವರ್ಷದಿಂದ ಬಲಗಾಲು ಎಳೆಯುತ್ತಿದೆ. ಹೋದ ತಿಂಗಳು ಎಕ್ಸ್‌ರೇ ನೋಡಿ, ಚಪ್ಪೆ ಸಂದು (ತೊಡೆಮೂಳೆಯ ಗುಂಡು ತಲೆ ಬಟ್ಟಲಿನಂಥ ಗುಳಿಯಲ್ಲಿ ಕೂರುವ ಕೀಲು) ಸವೆದಿದೆ, ಆಸ್ಟಿಯೋಆರ್ಥ್ರೈಟಿಸ್ ಅಂದರು. ಹುಟ್ಟಿದಾಗಿಂದಲೇ ಬಟ್ಟಲು ಆಳ ಇರಲಿಲ್ಲವಂತೆ. ‘ಇಷ್ಟು ಬೇಗ ಸಂದು ಬದಲಿಸೋದು ಬೇಡ, ಆದಷ್ಟು ದಿನ ತಳ್ಳಿ’ ಅಂತ ಮಾತ್ರೆ ಬರೆದುಕೊಟ್ಟರು. ತಳ್ಳೋದು ಹೇಗೆ ಅಂತ ಯಾರೂ ಹೇಳಲಿಲ್ಲ. ಮನೆಯೊಳಗೆ ಅಜ್ಜನ ಕೋಲು ಹಿಡಿದು ಓಡಾಡ್ತೀನಿ, ಹೊರಗೆ ಹಿಡಿಯೋಕೆ ನಾಚಿಕೆ. ಮದುವೆ ಮಾತು ಬೇರೆ ನಡೀತಿದೆ. ಇದನ್ನು ಅನುಭವಿಸಿದವರು ದಯವಿಟ್ಟು ಹೇಳಿ.

ಶಿರಸಿ ಕಡೆಯ ತೋಟದ ಮನೆಯಿಂದ

ತಂಗೀ, ನನಗೆ ಈಗ 37. ಗೊತ್ತಾಗಿದ್ದು 31ಕ್ಕೆ, ನೋವು ಶುರುವಾಗಿದ್ದು ಅದಕ್ಕೂ ನಾಲ್ಕು ವರ್ಷ ಮುಂಚೆ. ಆ ನಾಲ್ಕು ವರ್ಷ ಹಾಳಾಗಿದ್ದು ಒಂದು ಶಬ್ದದಿಂದ. ಹೋದಲ್ಲೆಲ್ಲ ‘ಸೊಂಟ ನೋವು’ ಅಂದೆ. ನಮ್ಮ ಮಾತಿನಲ್ಲಿ ಬೆನ್ನಿನ ಬುಡದಿಂದ ತೊಡೆಯ ಬುಡದವರೆಗೆ ಎಲ್ಲವೂ ಸೊಂಟವೇ. ಕೇಳಿದವರು ಬೆನ್ನೆಲುಬಿನ ಎಕ್ಸ್‌ರೇ ತೆಗೆಸಿದರು, ಬೆಲ್ಟ್ ಕಟ್ಟಿಸಿದರು. ಇನ್ನೊಮ್ಮೆ ಮೊಣಕಾಲು ನೋವು ಅಂದೆ, ಮೊಣಕಾಲಿಗೆ ಎಣ್ಣೆ ಬಂತು. ಕೊನೆಗೆ ಹುಬ್ಬಳ್ಳಿಯಲ್ಲಿ ಒಬ್ಬ ಡಾಕ್ಟರು ‘ಬಾಯಲ್ಲಿ ಹೇಳಬೇಡಮ್ಮ, ಕೈಯಲ್ಲಿ ತೋರಿಸು’ ಅಂದರು. ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ ತೊಡೆಸಂದಿಗೆ ಬರುವ ಹಾಗೆ ಹಿಡಿದು ತೋರಿಸಿದೆ. ಅಂಗಾತ ಮಲಗಿಸಿ, ಮೊಣಕಾಲು ಮಡಿಸಿ, ಪಾದ ಹೊರಕ್ಕೆ ಹೋಗುವಂತೆ ಕಾಲು ತಿರುಗಿಸಿದರು. ಕೂಗಿಕೊಂಡೆ. ಚಪ್ಪೆ ಸಂದಿನ ನೋವು ಹೆಚ್ಚಾಗಿ ತೊಡೆಸಂದಿನಲ್ಲಿ, ತೊಡೆಯ ಮುಂಭಾಗದಲ್ಲಿ ಕಾಣುತ್ತದಂತೆ. ಮೊಣಕಾಲಿಗೂ ಅದಕ್ಕೂ ಹೋಗುವ ನರಗಳಲ್ಲಿ ಕೆಲವು ಒಂದೇ ಆದ್ದರಿಂದ ಕೆಲವರಿಗೆ ಬರೇ ಮೊಣಕಾಲೇ ನೋಯುತ್ತದೆ. ನಿನಗೆ ರೋಗ ಗೊತ್ತಾಗಿದೆ, ಸರಿ. ಆದರೆ ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ‘ಸೊಂಟ’ ಅನ್ನಬೇಡ, ಬೆರಳಿಟ್ಟು ತೋರಿಸು.

ಇನ್ನು ತಳ್ಳೋದು. ನಮ್ಮ ಬದುಕೆಲ್ಲ ನೆಲದ ಮೇಲೆ. ಊಟ ಮಣೆ ಮೇಲೆ, ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ರಾತ್ರಿ ಹನ್ನೊಂದರವರೆಗೆ, ಬಚ್ಚಲಲ್ಲಿ ಕುಕ್ಕರುಗಾಲು. ಸವೆದ ಚಪ್ಪೆಗೆ ಅತಿ ಕಷ್ಟ ಈ ಆಳದ ಮಡಿಕೆಯೇ. ನಾನು ಮೊದಲು ಮಾಡಿಸಿದ್ದು ಕಮೋಡ್. ಅತ್ತೆಗೆ ಇಷ್ಟ ಇರಲಿಲ್ಲ, ಮನೆಯವರು ಒಂದೇ ದಿನದಲ್ಲಿ ಗೌಂಡಿ ಕರೆದು ತಂದರು. ಅದು ಯಾವ ಮಾತ್ರೆಗಿಂತಲೂ ದೊಡ್ಡ ಉಪಕಾರ. ಆಮೇಲೆ ಮೆಟ್ಟುಗತ್ತಿಯನ್ನು ಮೇಜಿಗೆ ಬಿಗಿದು ಸ್ಟೂಲಿನಲ್ಲಿ ಕೂತು ಸುಲಿಯಲು ಕಲಿತೆ. ಸ್ಟೂಲು ಮೊಣಕಾಲಿಗಿಂತ ಎತ್ತರ ಇರಬೇಕು. ಮದುವೆಮನೆಯಲ್ಲಿ ಪಂಕ್ತಿಗೆ ಕೂರುವುದಿಲ್ಲ, ಟೇಬಲ್ ಕೇಳುತ್ತೇನೆ. ‘ಇಷ್ಟು ಸಣ್ಣ ಪ್ರಾಯಕ್ಕೆ ಎಂತದು?’ ಅಂತ ಕೇಳುವವರಿಗೆ ‘ಚಪ್ಪೆ ಸಂದು ಸವೆದಿದೆ’ ಅಂತ ಸೀದಾ ಹೇಳುತ್ತೇನೆ. ಮೊದಲ ವರ್ಷ ಹೇಳಲಾಗದೆ ಅತ್ತಿದ್ದೂ ಉಂಟು.

ಕೋಲಿನ ವಿಷಯ ಗಮನವಿಟ್ಟು ಓದು. ನೋವು ಬಲಗಾಲಿಗಾದರೆ ಕೋಲು ಎಡಗೈಯಲ್ಲಿ. ಒಂದೇ ಕಾಲಿನ ಮೇಲೆ ನಿಂತಾಗ ಮೈ ಆಚೆಗೆ ವಾಲದಂತೆ ಚಪ್ಪೆಯ ಪಕ್ಕದ ಸ್ನಾಯು ಬಿಗಿದು ಎಳೆಯುತ್ತದೆ, ಆ ಎಳೆತವೂ ಸಂದಿನ ಮೇಲೇ ಬೀಳುತ್ತದೆ. ಹಾಗಾಗಿ ನಡೆಯುವಾಗ ಸಂದು ಹೊರುವುದು ಮೈತೂಕದ ಸುಮಾರು ಎರಡೂವರೆ ಪಟ್ಟು. ಎದುರು ಕೈಯ ಕೋಲು ಆ ಸ್ನಾಯುವಿನ ಕೆಲಸ ಹಂಚಿಕೊಳ್ಳುತ್ತದೆ. ನಾನು ಆರು ಕಿಲೋ ಇಳಿಸಿದಾಗ ವ್ಯತ್ಯಾಸ ತಿಳಿದದ್ದೂ ಇದೇ ಲೆಕ್ಕದಿಂದ ಇರಬೇಕು.

ಅದೇ ಸ್ನಾಯುವನ್ನು ಗಟ್ಟಿ ಮಾಡುವುದೇ ವ್ಯಾಯಾಮ. ಅಂಗಾತ ಮಲಗಿ ಮೊಣಕಾಲು ಮಡಿಸಿ ಚಪ್ಪೆ ಎತ್ತುವುದು, ಮಗ್ಗುಲಾಗಿ ಮಲಗಿ ಮೇಲಿನ ಕಾಲು ಎತ್ತುವುದು. ಫಿಸಿಯೋಥೆರಪಿಯವರ ಎದುರಿಗೇ ಕಲಿ. ಮೂರು ತಿಂಗಳು ಬಿಡದೆ ಮಾಡಿದ ಮೇಲೆ ನನಗೆ ಗುಣ ಕಂಡಿತು. ನೋವು ಅಂತ ಪೂರ್ತಿ ಮಲಗಿದ ಆಷಾಢದಲ್ಲಿ ನನಗೆ ಹೆಚ್ಚೇ ಆಗಿತ್ತು. ರಾತ್ರಿ ಮಗ್ಗುಲಾದಾಗ ಮೊಣಕಾಲುಗಳ ನಡುವೆ ದಿಂಬು ಇಟ್ಟುಕೋ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳಕ್ಕೆ ಸೋಗೆ ಹಾಸಿಸು. ಒದ್ದೆ ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ಒಬ್ಬಳೇ ದಾಟಬೇಡ.

ಕಾರವಾರದಿಂದ

ನಾನು ಬೋಟಿನಲ್ಲಿ ಇದ್ದವನು, ಈಗ 41. ನನ್ನದು ಬೇರೆ ದಾರಿಯಲ್ಲಿ ಬಂತು. ಚರ್ಮದ ತುರಿಕೆಗೆ ಅಂಗಡಿಯಿಂದ ಸ್ಟೀರಾಯ್ಡ್ ಮಾತ್ರೆ ನಾನೇ ತಂದು ತಿಂಗಳುಗಟ್ಟಲೆ ನುಂಗಿದೆ. ತೊಡೆಮೂಳೆಯ ಗುಂಡು ತಲೆಗೆ ರಕ್ತ ಹೋಗುವುದು ನಿಂತು ಮೂಳೆ ಕುಸಿಯಿತು, ಅದರ ಮೇಲೆ ಸವೆತ. 34ಕ್ಕೆ ಬಲೆ ಎಳೆಯಲು ಆಗಲಿಲ್ಲ. 35ಕ್ಕೆ ಮಂಗಳೂರಿಗೆ ಹೋಗಿ ಸಂದು ಬದಲಿಸಿಕೊಂಡೆ.

ನನಗೂ ‘ತಳ್ಳಿ’ ಅಂದಿದ್ದರು. ಯಾಕೆಂದರೆ ಕೃತಕ ಸಂದೂ ಸವೆಯುತ್ತದೆ, ಎಳೆ ಪ್ರಾಯದವರಿಗೆ ಎರಡನೇ ಸಲ ಬದಲಿಸುವ ಸಂಭವ ಜಾಸ್ತಿ. 2019ರಲ್ಲಿ ಹಲವು ದೇಶಗಳ ಲೆಕ್ಕ ಒಟ್ಟು ಮಾಡಿ ನೋಡಿದಾಗ, ಬದಲಿಸಿದ ಚಪ್ಪೆ ಸಂದುಗಳಲ್ಲಿ ಸುಮಾರು ಮುಕ್ಕಾಲು ಪಾಲು 15ರಿಂದ 20 ವರ್ಷ, ಅರ್ಧಕ್ಕಿಂತ ತುಸು ಹೆಚ್ಚು 25 ವರ್ಷ ಬಾಳಿದ್ದವು. ನನ್ನ ಅಭಿಪ್ರಾಯ ಹೇಳುತ್ತೇನೆ: ರಾತ್ರಿ ನಿದ್ದೆಯೇ ಇಲ್ಲ, ಕೆಲಸ ಬಿಟ್ಟುಹೋಗುತ್ತಿದೆ ಅನ್ನುವಾಗ ವಯಸ್ಸಿನ ಲೆಕ್ಕ ಹಿಡಿದು ಕೂರಬಾರದು. ನಾನು ಒಂದು ವರ್ಷ ಸುಮ್ಮನೆ ನರಳಿದೆ. ಆ ವರ್ಷಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ.

ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷ ಮೀರದಂತೆ. ಮುಂಚೆಯೇ ನಿಗದಿಯಾದ ಆಪರೇಷನ್‌ಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ನಾನು ಅದಿಲ್ಲದೆ ಹೋಗಿ ಒಂದು ಸಲ ಬಸ್ಸಿನಲ್ಲಿ ವಾಪಸ್ ಬಂದೆ. ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕಿರುವ ಆರೋಗ್ಯಮಿತ್ರರನ್ನು ಮೊದಲೇ ಕಂಡು ಕೇಳಿ.

ಶಾಲೆಯ ಮೆಟ್ಟಿಲಿಗೆ ಒಂದು ಮಾತು: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಬಸ್ಸಿಗೂ ಅದೇ.

ಸಿದ್ದಾಪುರದಿಂದ

ನಮ್ಮ ಪಕ್ಕದ ಸಾಗರ ತಾಲ್ಲೂಕಿನ ಹಂದಿಗೋಡು ಊರಿನ ಕಾಯಿಲೆಯ ಹೆಸರು ಎಲ್ಲರೂ ಕೇಳಿದ್ದೀರಿ. 1970ರ ದಶಕದಲ್ಲಿ ಬೆಳಕಿಗೆ ಬಂದ ಆ ಕಾಯಿಲೆಯಲ್ಲಿ ವಂಶದಿಂದ ಬಂದ ದೋಷಕ್ಕೆ ಎಳವೆಯಲ್ಲೇ ಚಪ್ಪೆ ಸಂದು ಸವೆಯುತ್ತದೆ. ಹಾಗಾಗಿ ಮನೆಯಲ್ಲಿ ಬೇರೆಯವರಿಗೂ ಸಣ್ಣ ವಯಸ್ಸಿಗೇ ಕುಂಟು ಇದ್ದರೆ ಡಾಕ್ಟರಿಗೆ ಹೇಳಲೇಬೇಕು. ನನ್ನ ತಮ್ಮನದು ಸವೆತ ಅಂತಲೇ ಎರಡು ವರ್ಷ ನಡೆಯಿತು. ಬೆಳಗ್ಗೆ ಎದ್ದರೆ ಒಂದು ತಾಸು ಮೈ ಮರಗಟ್ಟುತ್ತಿತ್ತು, ಓಡಾಡಿದರೆ ಸಡಿಲವಾಗುತ್ತಿತ್ತು. ಅದು ಉರಿಯೂತದ ವಾತ, ಅದಕ್ಕೆ ಔಷಧವೇ ಬೇರೆ. ಸವೆತದ ಬಿಗಿತ ಸಾಮಾನ್ಯವಾಗಿ ಅರ್ಧ ತಾಸಿನೊಳಗೆ ಬಿಡುತ್ತದೆ.

ಅಂಕೋಲಾದಿಂದ

ನನ್ನದೂ ನಿನ್ನ ಹಾಗೇ ಆಳ ಕಡಿಮೆ ಬಟ್ಟಲು. ಹುಟ್ಟುವಾಗ ಕುಂಡೆ ಕೆಳಗಾಗಿ ಇದ್ದೆನಂತೆ. ಅಂಥ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಒಂದು ಪ್ರಶ್ನೆ ಈಗಲೇ ಕೇಳು: ‘ಬಟ್ಟಲನ್ನು ಕತ್ತರಿಸಿ, ತಿರುಗಿಸಿ ಕೂರಿಸುವ ಆಪರೇಷನ್ ನನಗೆ ಆಗುತ್ತದಾ?’ ಮೃದ್ವಸ್ಥಿ (ಸಂದಿನೊಳಗಿನ ನುಣುಪಾದ ಮೆತ್ತನೆ ಪದರ) ಹೆಚ್ಚು ಸವೆಯುವ ಮೊದಲು ಮಾತ್ರ ಅದರಿಂದ ಪ್ರಯೋಜನ, ಮಾಡುವ ಸರ್ಜನ್‌ಗಳೂ ಕಡಿಮೆ. ನಾನು ಕೇಳುವ ಹೊತ್ತಿಗೆ ತಡವಾಗಿತ್ತು. ನಿನಗೂ ಆಗದೇ ಇರಬಹುದು, ಆದರೆ ಕೇಳಿ ತಿಳಿದುಕೋ.

ಮದುವೆಗೆ ಮುಂಚೆ ನಾನು ಹುಡುಗನಿಗೇ ಎಕ್ಸ್‌ರೇ ತೋರಿಸಿದೆ. ಎರಡು ಸಂಬಂಧ ಅಲ್ಲಿಗೇ ನಿಂತವು, ಮೂರನೆಯವರು ‘ನೆಲದ ಮೇಲೆ ಕೂರಬಾರದು ಅಷ್ಟೇ ಅಲ್ಲವಾ?’ ಅಂದರು. ಈಗ ಎರಡು ಮಕ್ಕಳು, ಎರಡೂ ಸಹಜ ಹೆರಿಗೆ. ಬಸುರಿಯಲ್ಲಿ ಕೆಲವು ನೋವಿನ ಮಾತ್ರೆ ನುಂಗಬಾರದು, ಮೊದಲೇ ಕೇಳಿಕೊಳ್ಳಬೇಕು. ಮಗಳು ಹುಟ್ಟಿದಾಗ ಅವಳ ಚಪ್ಪೆಗೆ ಸ್ಕ್ಯಾನ್ ಮಾಡಿಸಿದೆ. ಕೂಸಿನ ಕಾಲು ನೆಟ್ಟಗೆ ಜೋಡಿಸಿ ಬಟ್ಟೆಯಲ್ಲಿ ಬಿಗಿದು ಸುತ್ತಲು ಬಿಡಲಿಲ್ಲ, ಆ ಬಿಗಿತದಿಂದ ಗುಂಡು ಬಟ್ಟಲಿನಿಂದ ಜಾರಬಹುದು. ಕಾಲು ಅಗಲಿಸಿ ಸೊಂಟದ ಮೇಲೆ ಎತ್ತಿಕೊಳ್ಳುವ ನಮ್ಮ ಅಜ್ಜಿಯರ ಕ್ರಮವೇ ಒಳ್ಳೆಯದು. ನನಗೆ ಎತ್ತಲಾಗದ ದಿನ ಅವರಪ್ಪ ಎತ್ತಿದರು.

ಮತ್ತೆ ಕುಮಟಾದಿಂದ

ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಕಮೋಡ್ ಅಂದ ತಕ್ಷಣ ಅಪ್ಪ ಅಳತೆ ಟೇಪು ಹಿಡಿದು ಬಚ್ಚಲಿಗೆ ಹೋದರು. ಬಟ್ಟಲು ತಿರುಗಿಸುವ ಆಪರೇಷನ್ ಬಗ್ಗೆ ಸೋಮವಾರ ಡಾಕ್ಟರನ್ನು ಕೇಳ್ತೀನಿ. ಶಿರಸಿ ಅಕ್ಕ, ಇಷ್ಟು ದಿನ ಕೋಲನ್ನು ಬಲಗೈಯಲ್ಲೇ ಹಿಡಿದಿದ್ದೆ. ಇವತ್ತು ಎಡಗೈಯಲ್ಲಿ ಹಿಡಿದು ರಸ್ತೆಯ ತಿರುವಿನ ಅಂಗಡಿಯವರೆಗೆ ಹೋಗಿ ಬಂದೆ.