ಸಕ್ಕರೆ ಹಾಕದ ಕಾಫಿ ಕುಡಿದರೂ ಶುಗರ್ ಏರುವುದೇಕೆ? ಅನುಭವವುಳ್ಳವರ ಉತ್ತರಗಳು

ಕೇಳಿದವರು:

ನನಗೆ 46 ವರ್ಷ. ಎರಡು ತಿಂಗಳ ಹಿಂದಿನ ಪರೀಕ್ಷೆಯಲ್ಲಿ, ರಕ್ತದ ಸಕ್ಕರೆಯ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ 6.3 ಬಂದಿದ್ದು, ಮಧುಮೇಹದ ಹೊಸ್ತಿಲಲ್ಲಿದ್ದೀರಿ ಎಂದು ವೈದ್ಯರು ತಿಳಿಸಿದ್ದಾರೆ. ಔಷಧಿ ಇನ್ನೂ ಶುರುವಾಗಿಲ್ಲ. ಅಂದಿನಿಂದ ಕಾಫಿಗೆ ಸಕ್ಕರೆಯನ್ನೂ ಹಾಲನ್ನೂ ಹಾಕುವುದನ್ನು ಬಿಟ್ಟಿದ್ದೇನೆ, ಆದರೆ ಕಾಫಿಯನ್ನೇ ಬಿಡಲು ಆಗಿಲ್ಲ. ದಿನಕ್ಕೆ ನಾಲ್ಕು ಲೋಟವಾಗುತ್ತದೆ. ಬೆಳಗ್ಗೆ ಎದ್ದ ಕೂಡಲೇ 108 ತೋರಿಸುವ ಗ್ಲುಕೋಮೀಟರ್, ಬರಿಯ ಕಾಫಿ ಕುಡಿದು ಒಂದು ಗಂಟೆಯಾದ ಮೇಲೆ, ಬಾಯಿಗೆ ಬೇರೇನೂ ಹಾಕದಿದ್ದರೂ, 121 ತೋರಿಸುತ್ತದೆ. ಕಾಫಿ ಮೈಯ ನೀರನ್ನೆಲ್ಲ ಹೊರಹಾಕಿ ರಕ್ತವನ್ನು ಗಟ್ಟಿ ಮಾಡುತ್ತದೆ, ಅದಕ್ಕೇ ಅಂಕಿ ಏರುತ್ತದೆ ಎಂಬುದು ಮನೆಯವರ ವಾದ. ಅವರ ಮಾತು ಕೇಳಿ ಒಂದು ಲೋಟ ಕಾಫಿಗೆ ಎರಡು ಲೋಟ ನೀರು ಎಂಬ ಲೆಕ್ಕ ಇಟ್ಟುಕೊಂಡೆ. ಶೌಚಾಲಯಕ್ಕೆ ಓಡಾಟ ಹೆಚ್ಚಾಯಿತೇ ಹೊರತು ಅಂಕಿ ಕದಲಲಿಲ್ಲ. ಈ ದಾರಿಯಲ್ಲಿ ಮೊದಲೇ ನಡೆದವರು ತಮ್ಮ ಅನುಭವವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಟೈಪ್ 2 ಮಧುಮೇಹದೊಂದಿಗೆ ಹದಿನಾಲ್ಕು ವರ್ಷ ಕಳೆದ, ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು:

ಕಾಫಿಯನ್ನು ದೂರುವ ಮುನ್ನ ಮೀಟರನ್ನೇ ಸ್ವಲ್ಪ ವಿಚಾರಿಸಿಕೊಳ್ಳೋಣ. ಮನೆಬಳಕೆಯ ಗ್ಲುಕೋಮೀಟರುಗಳಿಗೆ 2013ರ ಅಂತರರಾಷ್ಟ್ರೀಯ ಮಾನದಂಡವು ಕೊಟ್ಟಿರುವ ವಿನಾಯಿತಿ ಸಣ್ಣದಲ್ಲ. ಸಕ್ಕರೆ 100 ಅಥವಾ ಅದಕ್ಕಿಂತ ಹೆಚ್ಚಿದ್ದಾಗ, ನೂರರಲ್ಲಿ 95 ಅಳತೆಗಳು ಪ್ರಯೋಗಾಲಯದ ಅಂಕಿಯ ಆಚೀಚೆ ಶೇ. 15ರೊಳಗೆ ಬಂದರೆ ಸಾಕು. ಅಂದರೆ ನಿಮ್ಮ ರಕ್ತದಲ್ಲಿ ನಿಜಕ್ಕೂ 110 ಇರುವಾಗ ಮೀಟರ್ 95 ಎಂದರೂ 125 ಎಂದರೂ ಅದು ಕೆಟ್ಟಿದೆ ಎನ್ನುವಂತಿಲ್ಲ. ಹೀಗಾಗಿ ಒಂದು ದಿನದ 108ಕ್ಕೂ 121ಕ್ಕೂ ನಡುವಿನ ಅಂತರಕ್ಕೆ ಯಾವ ಅರ್ಥವನ್ನೂ ಹಚ್ಚಲಾಗದು. ಅದೇ ಅಂತರ ಹತ್ತು ದಿನ ಒಂದೇ ದಿಕ್ಕಿನಲ್ಲಿ ಬಂದರೆ ಮಾತ್ರ ಅದರ ಬಗ್ಗೆ ಯೋಚಿಸಬೇಕು.

ಎರಡನೆಯದು ಬೆರಳು. ಇಷ್ಟು ವರ್ಷ ಇದೇ ಕೆಲಸದಲ್ಲಿದ್ದೂ ಒಮ್ಮೆ ಕಿತ್ತಳೆ ಸುಲಿದ ಕೈಯಲ್ಲೇ ಬೆರಳು ಚುಚ್ಚಿಕೊಂಡು 187 ನೋಡಿ ಗಾಬರಿಯಾಗಿದ್ದೇನೆ. ಸೋಪು ಹಚ್ಚಿ ತೊಳೆದು, ಚೆನ್ನಾಗಿ ಒರೆಸಿಕೊಂಡು, ಪಕ್ಕದ ಬೆರಳಿನಿಂದ ತೆಗೆದಾಗ ಬಂದದ್ದು 124. ಚರ್ಮದ ಮೇಲೆ ಕಣ್ಣಿಗೆ ಕಾಣದಷ್ಟು ಹಣ್ಣಿನ ರಸವಿದ್ದರೂ, ಸ್ಟ್ರಿಪ್ ಹೀರಿಕೊಳ್ಳುವ ಅಷ್ಟು ಪುಟ್ಟ ಹನಿಗೆ ಅದು ಬಹಳವಾಯಿತು. ಬೆರಳು ಒದ್ದೆಯಿದ್ದರೆ ರಕ್ತ ತೆಳುವಾಗಿ ಅಂಕಿ ಕಡಿಮೆ ಬರುವುದೂ ಉಂಟು.

ಇನ್ನು ಮುಖ್ಯ ವಿಷಯ. ಬೆಳಗಿನ ಜಾವದಿಂದಲೇ ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳು ಏರತೊಡಗಿ, ಯಕೃತ್ತು ತನ್ನಲ್ಲಿ ಕೂಡಿಟ್ಟ ಗ್ಲುಕೋಸನ್ನು ರಕ್ತಕ್ಕೆ ಬಿಡುತ್ತದೆ. ಎದ್ದು ಒಂದು ಗಂಟೆ ಏನನ್ನೂ ತಿನ್ನದೆ, ಕುಡಿಯದೆ ಕುಳಿತರೂ ನಮ್ಮಲ್ಲಿ ಅನೇಕರ ಅಂಕಿ ತಾನಾಗಿ ಮೇಲೆ ಹೋಗುತ್ತದೆ. ಆದ್ದರಿಂದ ಕಾಫಿಯ ಪಾಲು ಎಷ್ಟೆಂದು ತಿಳಿಯಬೇಕಾದರೆ, ಕಾಫಿಯ ಬದಲು ಅಷ್ಟೇ ಪ್ರಮಾಣದ ಬಿಸಿನೀರು ಕುಡಿದ ದಿನಗಳ ಅಂಕಿಯನ್ನು ಎದುರಿಗಿಟ್ಟು ನೋಡಬೇಕು. ಒಂದು ದಿನ ಕಾಫಿ, ಮರುದಿನ ಬಿಸಿನೀರು, ಏಳುವ ಹೊತ್ತು ಒಂದೇ, ಹಿಂದಿನ ರಾತ್ರಿಯ ಊಟವೂ ಹೆಚ್ಚುಕಡಿಮೆ ಒಂದೇ. ಕೆಫೀನ್ ತೆಗೆದ ಕಾಫಿಯನ್ನೂ ಈ ಸರದಿಯಲ್ಲಿ ಸೇರಿಸಿಕೊಂಡರೆ ದೋಷ ಕೆಫೀನಿನದೋ ಕಾಫಿಯ ಉಳಿದ ಸತ್ವದ್ದೋ ಎಂಬುದೂ ಗೊತ್ತಾಗುತ್ತದೆ. ಅದರಲ್ಲೂ ಒಂದು ಲೋಟಕ್ಕೆ 2ರಿಂದ 15 ಮಿಲಿಗ್ರಾಂ ಕೆಫೀನ್ ಉಳಿದಿರುತ್ತದೆ, ಆದರೆ 240 ಮಿಲಿಲೀಟರ್ ಮಾಮೂಲಿ ಕಾಫಿಯ ಸುಮಾರು 95 ಮಿಲಿಗ್ರಾಂ ಎದುರು ಅದು ಲೆಕ್ಕಕ್ಕಿಲ್ಲ.

ಕೆಫೀನಿಗೆ ಪಾಲಿಲ್ಲ ಎಂದು ಮಾತ್ರ ನಾನು ಹೇಳಲಾರೆ. ಅದು ಅಡೆನೊಸಿನ್ ಎಂಬ ಶಮನಕಾರಿ ವಸ್ತುವಿನ ದಾರಿಗೆ ಅಡ್ಡ ನಿಂತು, ಅಡ್ರಿನಲಿನ್ ಏರಿಸುತ್ತದೆ. ಆಗ ಇನ್ಸುಲಿನ್ನಿನ ಮಾತನ್ನು ಸ್ನಾಯುಗಳು ಕೆಲವು ಗಂಟೆಗಳ ಮಟ್ಟಿಗೆ ಸರಿಯಾಗಿ ಕೇಳುವುದಿಲ್ಲ. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನವೊಂದರಲ್ಲಿ, ನಿದ್ದೆಗೆಟ್ಟ ರಾತ್ರಿಯ ಮರುದಿನ ಬೆಳಗಿನ ಆಹಾರಕ್ಕೆ ಮೊದಲು ಗಟ್ಟಿ ಕಾಫಿ ಕುಡಿದ ಆರೋಗ್ಯವಂತರಲ್ಲಿ, ಆನಂತರ ಕೊಟ್ಟ ಸಕ್ಕರೆಯ ಪಾನೀಯಕ್ಕೆ ರಕ್ತದ ಗ್ಲುಕೋಸ್ ತೋರಿದ ಏರಿಕೆ ಸುಮಾರು ಅರ್ಧದಷ್ಟು ಹೆಚ್ಚಾಗಿತ್ತು. ಅದನ್ನು ಓದಿದ ಮೇಲೆ ನಾನು ಮೊದಲ ಕಾಫಿಯನ್ನು ತಿಂಡಿಯ ಹಿಂದಕ್ಕೆ ತಳ್ಳಿದೆ. ತಿಂಡಿಯಾಗಿ ಎರಡು ಗಂಟೆಯ ನಂತರದ ನನ್ನ ಅಂಕಿ ಹತ್ತು ಹದಿನೈದರಷ್ಟು ತಗ್ಗಿತು. ವಿಚಿತ್ರವೆಂದರೆ, ವರ್ಷಗಟ್ಟಲೆ ಕಾಫಿ ಕುಡಿಯುವವರಲ್ಲಿ ಟೈಪ್ 2 ಮಧುಮೇಹ ಕಡಿಮೆ ಕಾಣಿಸಿಕೊಳ್ಳುತ್ತದೆಂದು ದೊಡ್ಡ ದೊಡ್ಡ ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ; ಕೆಫೀನ್ ತೆಗೆದ ಕಾಫಿಯಲ್ಲೂ ಹಾಗೆಯೇ. ಎರಡೂ ಏಕಕಾಲಕ್ಕೆ ನಿಜವಾಗಿರಬಹುದು, ಆದರೆ ನಿಮ್ಮ ಇಂದಿನ ಬೆಳಗಿನ ಅಂಕಿಗೆ ಎರಡನೆಯದರಿಂದ ಸಮಾಧಾನ ಸಿಗುವುದಿಲ್ಲ.

ರಾತ್ರಿ ಪಾಳಿಯಲ್ಲಿ ದುಡಿಯುವ ಮಹಿಳೆಯೊಬ್ಬರು:

ನೀರಿನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬಾರದೆಂದು ಬರೆಯುತ್ತಿದ್ದೇನೆ. ನಾಲ್ಕು ವರ್ಷಗಳ ಹಿಂದೆ ನಾನು ಮಲಗಿದ ಹೊತ್ತಿನಲ್ಲಿ ಮೂರು ನಾಲ್ಕು ಬಾರಿ ಮೂತ್ರಕ್ಕೆ ಏಳುತ್ತಿದ್ದೆ. ಹಾಸಿಗೆಯ ಪಕ್ಕದಲ್ಲಿಟ್ಟ ಒಂದು ಲೀಟರಿನ ಬಾಟಲಿ ಏಳುವಷ್ಟರಲ್ಲಿ ಬರಿದಾಗುತ್ತಿತ್ತು, ಆದರೂ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತಿತ್ತು. ಪಾಳಿಯಲ್ಲಿ ಎಚ್ಚರವಿರಲು ಕುಡಿಯುವ ಚಹಾದ ಪ್ರಭಾವ ಇದೆಂದು ನನಗೆ ನಾನೇ ಹೇಳಿಕೊಂಡು ಐದು ತಿಂಗಳು ಕಳೆದೆ. ಚಹಾ ಕಡಿಮೆ ಮಾಡಿದಾಗಲೂ ಬಾಯಾರಿಕೆ ಹೋಗಲಿಲ್ಲ. ಕೊನೆಗೆ ಪರೀಕ್ಷೆ ಮಾಡಿಸಿದಾಗ ಖಾಲಿ ಹೊಟ್ಟೆಯ ಸಕ್ಕರೆ 264 ಇತ್ತು.

ಆಗ ವೈದ್ಯರು ತಿಳಿಸಿದ್ದು ಇಷ್ಟು. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದರೆ ಮೂತ್ರಪಿಂಡಗಳಿಗೆ ಅದನ್ನೆಲ್ಲ ಹಿಂದಕ್ಕೆ ಹೀರಿಕೊಳ್ಳಲಾಗದೆ, ಅದು ಮೂತ್ರಕ್ಕೆ ಇಳಿಯುತ್ತದೆ, ಇಳಿಯುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ನೀರು ಕಡಿಮೆಯಾದದ್ದರಿಂದ ನನ್ನ ಸಕ್ಕರೆ ಏರಿರಲಿಲ್ಲ, ಸಕ್ಕರೆ ಏರಿದ್ದರಿಂದ ನೀರು ಹೋಗುತ್ತಿತ್ತು. ನಿಮ್ಮ ಅಂಕಿಗಳು ಆ ಮಟ್ಟದಿಂದ ಬಹಳ ಕೆಳಗಿವೆ, ಆದ್ದರಿಂದ ಹೆದರಬೇಕಿಲ್ಲ. ಆದರೆ ಮುಂದೆಂದಾದರೂ ಬಾಯಾರಿಕೆ ಮಿತಿಮೀರಿದರೆ ಕಾಫಿಯ ಮೇಲೆ ಹಾಕಿ ಸುಮ್ಮನಿರಬೇಡಿ.

ನಿಮ್ಮ ಮನೆಯವರ ವಾದಕ್ಕೆ ಬಂದರೆ, ಕೆಫೀನ್ ಮೂತ್ರವನ್ನು ಸ್ವಲ್ಪ ಹೆಚ್ಚಿಸುವುದು ನಿಜ, ಆದರೆ ರೂಢಿಯಾದವರಲ್ಲಿ ಆ ಪರಿಣಾಮ ಬಹುಮಟ್ಟಿಗೆ ಸವೆದುಹೋಗಿರುತ್ತದೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಫಿ ರೂಢಿಯಿದ್ದ 50 ಗಂಡಸರಿಗೆ ಮೂರು ದಿನ 200 ಮಿಲಿಲೀಟರಿನ ನಾಲ್ಕು ಲೋಟ ಕಾಫಿಯನ್ನೂ, ಇನ್ನೊಂದು ಸರದಿಯಲ್ಲಿ ಅಷ್ಟೇ ನೀರನ್ನೂ ಕೊಟ್ಟು ನೋಡಿದಾಗ ಮೈಯ ನೀರಿನ ಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ನಾಲ್ಕು ಲೋಟಕ್ಕೆ ಎಂಟು ಲೋಟ ನೀರಿನ ಪ್ರಾಯಶ್ಚಿತ್ತ ಬೇಕಿಲ್ಲ. ಹಾಗೆಂದು ನೀರನ್ನು ಕಡೆಗಣಿಸಲೂ ಆಗದು: ನೀರು ಕಡಿಮೆಯಾದಾಗ ಸ್ರವಿಸುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು, ಗ್ಲುಕೋಸನ್ನು ರಕ್ತಕ್ಕೆ ಬಿಡುವಂತೆ ಯಕೃತ್ತಿಗೂ ಸಂದೇಶ ಕಳಿಸುತ್ತದೆ. ನನ್ನ ಮಟ್ಟಿಗೆ ಮೂತ್ರದ ಬಣ್ಣವೇ ಅಳತೆಗೋಲು. ತಿಳಿಹಳದಿ ಇದ್ದರೆ ಸಾಕು, ನೀರಿನಂತೆ ಬೆಳ್ಳಗಾಗುವವರೆಗೆ ಕುಡಿಯುವುದಿಲ್ಲ.

ಇಪ್ಪತ್ತು ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುವ ಟೈಪ್ 1ನವರು:

ನೀವು ಇನ್ಸುಲಿನ್ ತೆಗೆದುಕೊಳ್ಳುತ್ತಿಲ್ಲವಾದ್ದರಿಂದ ನನ್ನ ಮಾತು ಸದ್ಯಕ್ಕೆ ನಿಮಗೆ ಅನ್ವಯಿಸದು, ಆದರೆ ಇದನ್ನು ಓದುವ ಇತರರಿಗಾಗಿ ಹೇಳುತ್ತೇನೆ. ಕೈ ನಡುಕ, ಎದೆ ಡವಡವ, ಹಣೆಯಲ್ಲಿ ಬೆವರು: ಇವು ಲೋ ಶುಗರಿನ ಲಕ್ಷಣಗಳೂ ಹೌದು, ಮೂರನೆಯ ಕಾಫಿಯ ಲಕ್ಷಣಗಳೂ ಹೌದು. ಒಮ್ಮೆ ಸಭೆಯ ನಡುವೆ ನಡುಕ ಬಂದಾಗ ಲೋ ಎಂದೇ ತಿಳಿದು ಎರಡು ಬಾರಿ ಗ್ಲುಕೋಸ್ ತಿಂದೆ. ಆಮೇಲೆ ನೋಡಿದರೆ 238. ಇನ್ನೊಮ್ಮೆ ಕಾಫಿ ಜಾಸ್ತಿಯಾಯಿತೆಂದು ನಕ್ಕು ಸುಮ್ಮನಾದೆ. ಪಕ್ಕದವರು ನನ್ನ ಮಾತು ತೊದಲುವುದನ್ನು ಗಮನಿಸಿ ಬೆರಳು ಚುಚ್ಚಿ ನೋಡಿದಾಗ 52 ಇತ್ತು. ಎರಡನೆಯ ತಪ್ಪೇ ಹೆಚ್ಚು ಅಪಾಯದ್ದು. ಅಂದಿನಿಂದ ಊಹೆಯನ್ನು ಬಿಟ್ಟಿದ್ದೇನೆ. ಮೊದಲು ಮೀಟರ್, 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲುಕೋಸ್, 15 ನಿಮಿಷ ಬಿಟ್ಟು ಮತ್ತೊಮ್ಮೆ ಮೀಟರ್. ನೋಡಲು ಸಾಧನವೇ ಕೈಯಲ್ಲಿಲ್ಲದಿದ್ದರೆ ಲೋ ಎಂದೇ ಭಾವಿಸಿ ತಿನ್ನುತ್ತೇನೆ.

ತೋಳಿಗೆ ಅಂಟಿಸುವ ಸೆನ್ಸರ್ ಬಳಸುವವರಿಗೆ ಒಂದು ಮಾತು. ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಸಕ್ಕರೆ ಬೇಗ ಏರಿಳಿಯುವಾಗ ಅದರ ಅಂಕಿ ಐದು ಹತ್ತು ನಿಮಿಷ ಹಿಂದುಳಿಯುತ್ತದೆ. ಮೈಯಲ್ಲಿ ನೀರು ತೀರಾ ಕಡಿಮೆಯಾಗಿದ್ದರೆ ಸೆನ್ಸರನ್ನೂ ಪೂರ್ತಿ ನಂಬಲಾಗದು, ಬೆರಳಿನ ಅಂಕಿಯನ್ನೂ ನಂಬಲಾಗದು. ವಾಂತಿ ಭೇದಿಯ ದಿನಗಳಲ್ಲಿ ನಾನು ಮೀಟರ್ ಹಿಡಿದು ಕುಳಿತುಕೊಳ್ಳದೆ ಬೇಗನೆ ವೈದ್ಯರನ್ನು ಸಂಪರ್ಕಿಸುವುದು ಇದೇ ಕಾರಣಕ್ಕೆ.

ಮೂತ್ರಪಿಂಡದ ತೊಂದರೆಯುಳ್ಳ ಹಿರಿಯರು:

ನೀರು ಹೆಚ್ಚು ಕುಡಿಯಿರಿ ಎಂಬ ಸಲಹೆಯನ್ನು ಎಲ್ಲರಿಗೂ ಧಾರಾಳವಾಗಿ ಹಂಚಬೇಡಿರೆಂದು ವಿನಂತಿ. ನನಗೆ ಇಡೀ ದಿನಕ್ಕೆ ಒಂದೂವರೆ ಲೀಟರ್ ಎಂದು ನಿಗದಿಯಾಗಿದೆ. ಕಾಫಿ, ಸಾರು, ಮಾತ್ರೆಯ ಜೊತೆಗಿನ ಗುಟುಕು, ಎಲ್ಲವೂ ಅದರೊಳಗೇ. ಹೃದಯ ದುರ್ಬಲವಾಗಿರುವವರಿಗೂ ಇಂಥ ಮಿತಿಗಳಿರುತ್ತವೆ. ಮಧುಮೇಹದ ಕೆಲವು ಹೊಸ ಮಾತ್ರೆಗಳು ಮೂತ್ರದ ಮೂಲಕ ಸಕ್ಕರೆಯನ್ನು ಹೊರಗೆ ಕಳಿಸುವಂಥವು. ಅವುಗಳನ್ನು ತೆಗೆದುಕೊಳ್ಳುವವರ ನೀರಿನ ಲೆಕ್ಕವೇ ಬೇರೆ, ಅದನ್ನು ಮಾತ್ರೆ ಬರೆದುಕೊಟ್ಟವರಿಂದಲೇ ಕೇಳಿ ತಿಳಿಯಬೇಕು.

ಕಾಫಿಯನ್ನು ಅರ್ಧಕ್ಕೆ ಇಳಿಸಿದವರೊಬ್ಬರು:

ಒಂದೇ ಸಲಕ್ಕೆ ಬಿಟ್ಟುಬಿಡುವ ಸಾಹಸ ಮಾಡಿದ್ದರಿಂದ ನನಗೆ ಎರಡನೆಯ ದಿನ ತಲೆ ಎತ್ತಲಾಗದಷ್ಟು ನೋವು ಬಂದಿತ್ತು. ಆ ನೋವಿಗೆ ಸಿಹಿ ತಿಂದು ಸಮಾಧಾನ ಮಾಡಿಕೊಂಡೆನೆಂಬುದನ್ನು ಮುಚ್ಚಿಡುವುದಿಲ್ಲ. ಅಂದಿನ ಅಂಕಿಗಳನ್ನು ಬರೆದಿಡಲಿಲ್ಲ. ಆಮೇಲೆ ನಾಲ್ಕೈದು ದಿನಕ್ಕೊಮ್ಮೆ ಅರ್ಧ ಲೋಟದಂತೆ ಇಳಿಸಿದೆ, ತಲೆ ಸುಮ್ಮನಿತ್ತು. ನೀವು ನಾಲ್ಕನೆಯ ಲೋಟವನ್ನು ಎಷ್ಟು ಹೊತ್ತಿಗೆ ಕುಡಿಯುತ್ತೀರೆಂದು ಬರೆದಿಲ್ಲ. ಕೆಫೀನ್ ಅರ್ಧಕ್ಕಿಳಿಯಲು ಸರಾಸರಿ ಐದು ಗಂಟೆ ಬೇಕು, ಗರ್ಭಿಣಿಯರಲ್ಲಿ ಇನ್ನೂ ಹೆಚ್ಚು. ಸಂಜೆ ಆರಕ್ಕೆ ಕುಡಿದದ್ದು ರಾತ್ರಿ ಹನ್ನೊಂದಕ್ಕೆ ಇನ್ನೂ ಅರ್ಧ ಉಳಿದಿರುತ್ತದೆ. ನಿದ್ದೆ ಕೆಟ್ಟರೆ ಮರುದಿನ ಇನ್ಸುಲಿನ್ನಿನ ಕೆಲಸವೂ ಕೆಡುತ್ತದೆ, ಎಚ್ಚರವಿರಲು ಮತ್ತೆ ಕಾಫಿ ಬೇಕಾಗುತ್ತದೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಮಿಲಿಗ್ರಾಂ ಎಂಬ ಮಿತಿಯನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ. ನಿಮ್ಮ ನಾಲ್ಕು ಲೋಟ ಅದರ ಅಂಚಿನಲ್ಲಿದೆ, ಲೋಟ ದೊಡ್ಡದಾಗಿದ್ದರೆ ದಾಟಿಯೂ ಇರಬಹುದು.

ಕೇಳಿದವರು, ಹದಿನೆಂಟು ದಿನಗಳ ನಂತರ:

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಪ್ರಯೋಗಾಲಯದವರು ಹೇಳಿದಂತೆ ಆರು ದಿನ ಕಾಫಿ, ಆರು ದಿನ ಬಿಸಿನೀರು, ಆರು ದಿನ ಕೆಫೀನ್ ತೆಗೆದ ಕಾಫಿ, ಹೀಗೆ ಸರದಿಯಲ್ಲಿ ಕುಡಿದು, ಎದ್ದ ಕೂಡಲೇ ಒಮ್ಮೆ, ಒಂದು ಗಂಟೆಯ ನಂತರ ಇನ್ನೊಮ್ಮೆ, ಕೈ ತೊಳೆದು ಒರೆಸಿಕೊಂಡು ಅಳೆದೆ. ಬಿಸಿನೀರಿನ ದಿನಗಳಲ್ಲೂ ಅಂಕಿ ಸರಾಸರಿ 6 ಏರಿತು. ಕೆಫೀನಿಲ್ಲದ ಕಾಫಿಯಲ್ಲಿ 7, ಕಾಫಿಯಲ್ಲಿ 12. ಅಂದರೆ ನಾನು ಕಾಫಿಯ ತಲೆಗೆ ಕಟ್ಟಿದ್ದರಲ್ಲಿ ಅರ್ಧದಷ್ಟು ಬೆಳಗಿನದ್ದೇ ಆಗಿತ್ತು. ಮೀಟರಿನ ವಿನಾಯಿತಿಯನ್ನು ನೆನೆದರೆ ಉಳಿದ ಅರ್ಧವನ್ನೂ ಗಟ್ಟಿಯಾಗಿ ಹೇಳಲಾರೆ.

ಎರಡು ದಿನಗಳು ಮಾತ್ರ ಯಾವ ಲೆಕ್ಕಕ್ಕೂ ಹೊಂದಲಿಲ್ಲ. ಒಂದು ಬಿಸಿನೀರಿನ ದಿನ, ಒಂದು ಕಾಫಿಯ ದಿನ. ಎರಡರಲ್ಲೂ ಎದ್ದಾಗಲೇ 119ರ ಮೇಲಿತ್ತು. ಪುಸ್ತಕದ ಹಿಂದಿನ ಪುಟ ತಿರುಗಿಸಿದರೆ ಎರಡೂ ದಿನ ಮಲಗಿದ್ದು ರಾತ್ರಿ ಒಂದು ಗಂಟೆ ಹೊಡೆದ ಮೇಲೆ, ಎರಡೂ ಸಂಜೆ ನಾಲ್ಕನೆಯ ಲೋಟ ಏಳು ಗಂಟೆಗೆ. ಆ ಲೋಟವನ್ನು ನಿಲ್ಲಿಸಿದ್ದೇನೆ, ಮೊದಲನೆಯದನ್ನು ತಿಂಡಿಯ ನಂತರಕ್ಕೆ ಸರಿಸಿದ್ದೇನೆ, ನೀರನ್ನು ಬಾಯಾರಿದಾಗ ಕುಡಿಯುತ್ತೇನೆ. ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವುದರಿಂದ, ಮುಂದಿನ ಪರೀಕ್ಷೆಯನ್ನು ಹತ್ತು ವಾರ ಬಿಟ್ಟು ಮಾಡಿಸುತ್ತೇನೆ. ಅಂದು ಬೆಳಗ್ಗೆ ಖಾಲಿ ಹೊಟ್ಟೆಯ ರಕ್ತವನ್ನೂ ಕೊಡಬೇಕಿರುವುದರಿಂದ ಕಾಫಿ ಇಲ್ಲ, ನೀರು ಮಾತ್ರ.